ಕಡಿಮೆ ಬಜೆಟ್‌ನಲ್ಲಿ ನಿಖರ ರೈಫಲ್ ಬೇಕೆ? ಹಣ ಕೊಡುವ ಮುನ್ನ ಕಾನೂನು, ಗುರಿ, ಖರ್ಚಿನ ಲೆಕ್ಕ ತಿಳಿದಿರಲಿ

ಹೈದರಾಬಾದ್: ಕಡಿಮೆ ಬೆಲೆಗೆ ಒಳ್ಳೆಯ ಬೇಟೆ ರೈಫಲ್ ಯಾವುದು? ಅಮೆರಿಕದಲ್ಲಿ ಇದು ಅಂಗಡಿಗೆ ಹೋಗಿ ಕೇಳುವ ಸಾಮಾನ್ಯ ಪ್ರಶ್ನೆ. ಅಲ್ಲಿನ ವಿಡಿಯೋಗಳನ್ನು ನೋಡಿ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲೋ, ಬೆಂಗಳೂರಿನ ಮಲ್ಲೇಶ್ವರದಲ್ಲೋ ಕುಳಿತು ಇದೇ ಪ್ರಶ್ನೆ ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ಭಾರತದಲ್ಲಿ ಬೇಟೆಗೆಂದು ರೈಫಲ್ ಕೊಳ್ಳುವ ಕಾನೂನುಬದ್ಧ ದಾರಿಯೇ ಇಲ್ಲ. ಆದರೆ ಗುರಿ ಹೊಡೆಯುವ ಕ್ರೀಡೆಗೆ ದಾರಿ ಇದೆ. ಅದನ್ನು ಸಣ್ಣ ಸಂಬಳದ ಕುಟುಂಬವೂ ಯೋಚಿಸಿ ಹಿಡಿಯಬಹುದು.

ಮಲ್ಕಾಜ್‌ಗಿರಿ, ಮೌಲಾಲಿ ಸುತ್ತಮುತ್ತ ರೈಲ್ವೆ ನೌಕರರ ಮನೆಗಳು ಬಹಳ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕೂಡ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಸಿಬ್ಬಂದಿಯಾಗಿದ್ದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಕಂಚು ತಂದ ಗಗನ್ ನಾರಂಗ್ ಬೆಳೆದದ್ದು ಹೈದರಾಬಾದಿನಲ್ಲೇ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಿಂದ 4 ಪದಕ ಗೆದ್ದ ಈಶಾ ಸಿಂಗ್ ಕೂಡ ಇದೇ ಊರಿನವರು. ಹಾಗಾಗಿ ಇಲ್ಲಿನ ಮಗುವೊಂದು ‘ನನಗೂ ರೈಫಲ್ ಬೇಕು’ ಎಂದರೆ ಅಚ್ಚರಿಯಿಲ್ಲ. ಸೀಮಿತ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದರ ವಿವರ ಇಲ್ಲಿದೆ.

ಬೇಟೆ ಬಗ್ಗೆ ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಕಾಯ್ದೆಯ ಪಟ್ಟಿಯಲ್ಲಿರುವ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಸಿಗುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಕೊಲ್ಲುವುದು ಮಾತ್ರವಲ್ಲ, ಕೊಲ್ಲಲು ಅಥವಾ ಹಿಡಿಯಲು ಪ್ರಯತ್ನಿಸುವುದೂ ಬೇಟೆಯೇ.

2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನವಿಲು, ಹುಲಿ, ಚಿರತೆಯಂತಹ ಮೊದಲ ಪಟ್ಟಿಯ ಪ್ರಾಣಿಯಾದರೆ ಶಿಕ್ಷೆ 3ರಿಂದ 7 ವರ್ಷ, ದಂಡ ಕನಿಷ್ಠ 25 ಸಾವಿರ ರೂಪಾಯಿ. ಅಪರಾಧಕ್ಕೆ ಬಳಸಿದ ಬಂದೂಕು, ವಾಹನವೂ ಸರ್ಕಾರದ ಪಾಲಾಗುತ್ತದೆ.

ಇದು ಏರ್ ರೈಫಲ್‌ಗೂ ಅನ್ವಯಿಸುತ್ತದೆ. ಆಯುಧಕ್ಕೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದರಿಂದ ಹಕ್ಕಿ ಹೊಡೆಯಲು ಅನುಮತಿ ಇದೆ ಎಂದರ್ಥವಲ್ಲ. ಬೀದಿನಾಯಿಗೆ ಪೆಲೆಟ್ ಹೊಡೆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ.

ಹಾಗಾದರೆ ಕಾಡುಹಂದಿ, ಕೊಡಗಿನ ಕೋವಿ?

ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅವಕಾಶವಿದೆಯಲ್ಲ ಎಂದು ಕೇಳುವವರಿದ್ದಾರೆ. ಕಾಯ್ದೆಯ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ನೀಡಬಹುದು. ಅದು ನಿರ್ದಿಷ್ಟ ಪ್ರಾಣಿಗೆ, ನಿರ್ದಿಷ್ಟ ಜಾಗಕ್ಕೆ, ಷರತ್ತುಗಳೊಂದಿಗೆ ಸಿಗುವ ಅನುಮತಿ. ತೆಲಂಗಾಣದಲ್ಲಿ ಈ ಕೆಲಸಕ್ಕೆ ಅರಣ್ಯ ಇಲಾಖೆ ಗುರುತಿಸಿದ ಗುರಿಕಾರರನ್ನು ಬಳಸುವ ವ್ಯವಸ್ಥೆ ಇದೆ. ಬಂದೂಕು ಕೊಂಡವರೆಲ್ಲ ಹೊಲಕ್ಕೆ ಇಳಿಯುವಂತಿಲ್ಲ.

ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಇದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ಬೇಟೆಗೆ ಸಿಕ್ಕಿದ್ದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿನವರು ಗುರಿ ಇಡುವುದು ತೆಂಗಿನಕಾಯಿಗೆ.

ಪರವಾನಗಿ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

2016ರ ಶಸ್ತ್ರಾಸ್ತ್ರ ನಿಯಮಗಳು ಏರ್ ರೈಫಲ್‌ಗೆ ಎರಡು ಮಿತಿ ಹಾಕಿವೆ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅಂದರೆ 0.177 ಇಂಚು ಮೀರಬಾರದು. ನಳಿಗೆಯ ಬಾಯಲ್ಲಿ ಪೆಲೆಟ್‌ನ ಶಕ್ತಿ 20 ಜೌಲ್ ದಾಟಬಾರದು. ಎರಡರಲ್ಲಿ ಯಾವುದು ಮೀರಿದರೂ ಪರವಾನಗಿ ಬೇಕು. ಹಾಗಾಗಿ ‘ಹೆಚ್ಚು ಪವರ್ ಇದೆ’ ಎಂದು ಯಾರಾದರೂ 5.5 ಮಿಲಿಮೀಟರ್ ಅಂದರೆ 0.22 ಇಂಚಿನ ಏರ್ ರೈಫಲ್ ತೋರಿಸಿದರೆ ಮೊದಲು ಕಾಗದಪತ್ರ ಕೇಳಬೇಕು. ಮಿತಿಯೊಳಗಿನ ಏರ್ ರೈಫಲ್ ಕೊಳ್ಳುವಾಗಲೂ ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟು, ಕ್ರಮಸಂಖ್ಯೆ ಇರುವ ಬಿಲ್ ಪಡೆದು ಜೋಪಾನ ಮಾಡುವುದು ಒಳ್ಳೆಯದು.

ಮದ್ದುಗುಂಡು ಬಳಸುವ ಯಾವುದೇ ರೈಫಲ್‌ಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಪೊಲೀಸ್ ಕಮಿಷನರೇಟ್ ಇರುವ ಮಲ್ಕಾಜ್‌ಗಿರಿಯಂತಹ ಕಡೆ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಬಳಿಗೆ. ಬೇರೆಡೆ ಜಿಲ್ಲಾ ದಂಡಾಧಿಕಾರಿ ಬಳಿಗೆ. ಪೊಲೀಸ್ ಪರಿಶೀಲನೆಯೂ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು. 21 ವರ್ಷ ತುಂಬದವರಿಗೆ ಸ್ವಂತ ಬಂದೂಕಿನ ಪರವಾನಗಿ ಸಿಗದು. ತರಬೇತಿಯಲ್ಲಿ ಬಳಸುವುದಕ್ಕೆ ಮಾತ್ರ ಪ್ರತ್ಯೇಕ ನಿಯಮಗಳಿವೆ. 2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ 5 ವರ್ಷ. ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ.

ಕಾಯ್ದೆಯ 13ನೇ ಕಲಂನಲ್ಲಿ ಒಂದು ಮುಖ್ಯ ಮಾತಿದೆ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಅದು ಹೆಸರಿಸುತ್ತದೆ. ಪಾಯಿಂಟ್ 22 ರೈಫಲ್ ಮತ್ತು ಏರ್ ರೈಫಲ್ ಹೆಸರು ಬರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್‌ನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಸಂದರ್ಭದಲ್ಲಿ. ಅಂದರೆ ರೈಫಲ್‌ಗೆ ಕಾನೂನೇ ತೋರಿಸುವ ದಾರಿ ಕ್ಲಬ್‌ನ ಮೂಲಕ ಹೋಗುತ್ತದೆ.

ಅಗ್ಗದ ದೇಶಿ ರೈಫಲ್ ಎಂದರೆ ಯಾವುದು?

ಒಂದು ಕಾಲದಲ್ಲಿ ಭಾರತದ ‘ಬೇಟೆ ರೈಫಲ್’ ಎಂದರೆ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ ಪಾಯಿಂಟ್ 315. ಸೇನೆಯ ಪಾಯಿಂಟ್ 303 ಗುಂಡು ನಾಗರಿಕರಿಗೆ ನಿಷಿದ್ಧ. ಹಾಗಾಗಿ ಲೀ ಎನ್‌ಫೀಲ್ಡ್ ಮಾದರಿಯ ಯಂತ್ರಕ್ಕೆ ಬೇರೆ ಅಳತೆಯ ನಳಿಗೆ ಜೋಡಿಸಿದ ರೈಫಲ್ ಅದು. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳು 7 ಸರ್ಕಾರಿ ಕಂಪನಿಗಳಾದ ನಂತರ ಇಶಾಪುರ ಕಾರ್ಖಾನೆ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿತು.

ಈ ರೈಫಲ್ ಇಂದಿಗೂ ಪರವಾನಗಿದಾರರ ಕೈಯಲ್ಲಿ ಕಾಣುತ್ತದೆ. ಆದರೆ ಕ್ರೀಡೆ ಕಲಿಯುವವರಿಗೆ ಇದು ಸರಿಯಾದ ಆಯ್ಕೆಯಲ್ಲ. ಗುಂಡಿನ ಬೆಲೆ ಹೆಚ್ಚು, ಪರವಾನಗಿಯಲ್ಲಿ ಗುಂಡಿನ ಸಂಖ್ಯೆಗೆ ಮಿತಿ, ಹೊಡೆಯಲು ದೊಡ್ಡ ರೇಂಜ್ ಬೇಕು, ಹೆಗಲಿಗೆ ಬೀಳುವ ಒದೆತ ಬೇರೆ. ತಿಂಗಳಿಗೆ ಹತ್ತು ಗುಂಡು ಹೊಡೆದು ಯಾರೂ ಗುರಿಕಾರರಾಗುವುದಿಲ್ಲ.

ನಾಡಬಂದೂಕಿನ ಹತ್ತಿರವೂ ಸುಳಿಯಬಾರದು. ಪರವಾನಗಿ ಇಲ್ಲದ ಬಂದೂಕು ಸಿಕ್ಕರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅದರ ನಳಿಗೆ ಸಿಡಿದು ಕೈ, ಕಣ್ಣು ಕಳೆದುಕೊಳ್ಳುವ ಅಪಾಯವೂ ಇದೆ. ಹೀಗೆ ಒಂದೊಂದನ್ನೇ ಬದಿಗಿಟ್ಟರೆ, ಬಜೆಟ್ ಬಿಗಿ ಇರುವವರಿಗೆ ಉಳಿಯುವುದು 4.5 ಮಿಲಿಮೀಟರ್ ಏರ್ ರೈಫಲ್.

ನಿಖರತೆ ಪವರ್‌ನಿಂದ ಬರುವುದಿಲ್ಲ

ಮಾರುವವರು ಮೊದಲು ಹೇಳುವುದು ವೇಗದ ಲೆಕ್ಕ: ಸೆಕೆಂಡಿಗೆ 1,000 ಅಡಿ. ಕೇಳಲು ಚೆನ್ನ. ಆದರೆ ಒಲಿಂಪಿಕ್ಸ್‌ನ ಏರ್ ರೈಫಲ್ ಪೆಲೆಟ್ ಹೋಗುವುದು ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ 560 ಅಡಿ ವೇಗದಲ್ಲಿ. ಅದರ ಶಕ್ತಿ ಸುಮಾರು 7.5 ಜೌಲ್ ಅಷ್ಟೆ. ಜಗತ್ತಿನ ಅತ್ಯಂತ ನಿಖರ ಏರ್ ರೈಫಲ್‌ಗಳು ಕಾನೂನಿನ ಮಿತಿಯ ಅರ್ಧದಷ್ಟು ಶಕ್ತಿಯನ್ನೂ ಬಳಸುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. 0.53 ಗ್ರಾಂ ತೂಕದ ಸಾಮಾನ್ಯ ಪೆಲೆಟ್ ಸೆಕೆಂಡಿಗೆ 275 ಮೀಟರ್ ವೇಗ ಪಡೆದರೆ ಶಕ್ತಿ 20 ಜೌಲ್ ಆಗುತ್ತದೆ. ಅದೇ ಪೆಲೆಟ್ ನಿಜಕ್ಕೂ 1,000 ಅಡಿ, ಅಂದರೆ 305 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 24 ಜೌಲ್ ದಾಟುತ್ತದೆ. ಆಗ ಆ ರೈಫಲ್‌ಗೆ ಪರವಾನಗಿ ಬೇಕು. ಜಾಹೀರಾತಿನ ವೇಗವನ್ನು ಬಹಳ ಹಗುರವಾದ ಪೆಲೆಟ್ ಹಾಕಿ ಅಳೆದಿರುವುದೂ ಉಂಟು.

ನಿಖರತೆ ಬರುವುದು ನಾಲ್ಕು ಸಂಗತಿಗಳಿಂದ. ನಳಿಗೆ ಮತ್ತು ಪೆಲೆಟ್‌ನ ಹೊಂದಾಣಿಕೆ, ಪ್ರತಿ ಹೊಡೆತಕ್ಕೂ ಒಂದೇ ವೇಗ, ಹಗುರವಾಗಿ ಒಂದೇ ಸಮನೆ ಬಿಡುವ ಟ್ರಿಗರ್, ಮೈಗೆ ಹೊಂದುವ ಹಿಡಿ. ಇವುಗಳಲ್ಲಿ ಯಾವುದನ್ನೂ ಡಬ್ಬಿಯ ಮೇಲಿನ ಅಂಕಿ ಹೇಳುವುದಿಲ್ಲ.

ಎಷ್ಟು ನಿಖರವಾಗಿದ್ದರೆ ಸಾಕು?

10 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿಲಿಮೀಟರ್. ಮುಂದಿನ ಪ್ರತಿ ವೃತ್ತ 5 ಮಿಲಿಮೀಟರ್ ದೊಡ್ಡದು. ಪೆಲೆಟ್‌ನ ಅಂಚು ವೃತ್ತಕ್ಕೆ ತಾಗಿದರೂ ಆ ಅಂಕ ಸಿಗುತ್ತದೆ. ಪೆಲೆಟ್‌ನ ಅಗಲ 4.5 ಮಿಲಿಮೀಟರ್ ಆದ್ದರಿಂದ ಅದರ ನಡುಬಿಂದು ಗುರಿಯ ನಡುವಿನಿಂದ 2.5 ಮಿಲಿಮೀಟರ್ ಒಳಗಿದ್ದರೆ 10, 5 ಮಿಲಿಮೀಟರ್ ಒಳಗಿದ್ದರೆ 9.

ಇದರ ಅರ್ಥ ಸರಳ. ರೈಫಲನ್ನು ಆನಿಸಿ ಹೊಡೆದಾಗ ಎಲ್ಲ ಪೆಲೆಟ್‌ಗಳ ನಡುಬಿಂದು 10 ಮಿಲಿಮೀಟರ್ ಅಗಲದ ವೃತ್ತದೊಳಗೆ ಬೀಳುತ್ತಿದ್ದರೆ, ರೈಫಲ್‌ನ ತಪ್ಪಿನಿಂದ ಅಂಕ 9ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹೊಸಬರು 6, 7 ಅಂಕ ಹೊಡೆಯುತ್ತಿದ್ದರೆ ಕಾರಣ ನಿಲುವು, ಉಸಿರು, ಬೆರಳು. ಆ ಹಂತದಲ್ಲಿ ಎರಡು ಲಕ್ಷದ ರೈಫಲ್ ಕೊಟ್ಟರೂ ಅಂಕ ಹೆಚ್ಚೇನೂ ಏರುವುದಿಲ್ಲ. ಸಾಲ ಮಾತ್ರ ಏರುತ್ತದೆ.

ಮೂರು ಹಂತದ ಏರ್ ರೈಫಲ್‌ಗಳು

ಮೊದಲನೆಯದು ಸ್ಪ್ರಿಂಗ್ ರೈಫಲ್. ನಳಿಗೆಯನ್ನು ಮಡಚಿಯೋ ಕೆಳಗಿನ ಸನ್ನೆಯನ್ನು ಎಳೆದೋ ಸ್ಪ್ರಿಂಗ್ ಬಿಗಿಯುತ್ತಾರೆ. ಬೆಲೆ ಕೆಲವೇ ಸಾವಿರ ರೂಪಾಯಿಗಳಿಂದ ಶುರು. ಗಾಳಿ ತುಂಬುವ ಗೋಜಿಲ್ಲ, ರಿಪೇರಿ ಸುಲಭ. ಆದರೆ ಟ್ರಿಗರ್ ಒತ್ತಿದಾಗ ಒಳಗಿನ ಭಾರವಾದ ಪಿಸ್ಟನ್ ಓಡುವುದರಿಂದ ಪೆಲೆಟ್ ಹೊರಬೀಳುವ ಮೊದಲೇ ರೈಫಲ್ ಅಲುಗುತ್ತದೆ. ಇದನ್ನು ಗಟ್ಟಿಯಾಗಿ ಅದುಮಿ ಹಿಡಿಯದೆ, ಪ್ರತಿ ಬಾರಿಯೂ ಒಂದೇ ರೀತಿ ಸಡಿಲವಾಗಿ ಹಿಡಿಯಬೇಕು.

ಎರಡನೆಯದು ಮೊದಲೇ ಗಾಳಿ ತುಂಬಿಡುವ ದೇಶಿ ರೈಫಲ್. ಇದನ್ನು ಪಿಸಿಪಿ ಎನ್ನುತ್ತಾರೆ. ಅಲುಗಾಟ ತೀರಾ ಕಡಿಮೆ. ಮಹಾರಾಷ್ಟ್ರದ ಪ್ರೆಸಿಹೋಲ್‌ನಂತಹ ಭಾರತೀಯ ತಯಾರಕರು ಬಂದ ಮೇಲೆ ಆಮದು ರೈಫಲ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ ಇವು ಸಿಗುತ್ತಿವೆ. ಆದರೆ ಗಾಳಿ ತುಂಬಲು ಕೈಪಂಪ್ ಅಥವಾ ದೊಡ್ಡ ಸಿಲಿಂಡರ್ ಬೇಕು. ಆ ಖರ್ಚನ್ನೂ ಬೆಲೆಗೆ ಸೇರಿಸಿಯೇ ನೋಡಬೇಕು.

ಮೂರನೆಯದು ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬಾವ್, ಆನ್‌ಶುಟ್ಜ್, ಆಸ್ಟ್ರಿಯಾದ ಸ್ಟೆಯರ್ ಮುಂತಾದ ಸ್ಪರ್ಧಾ ರೈಫಲ್‌ಗಳು. ಎರಡು ಲಕ್ಷ ರೂಪಾಯಿ ದಾಟುವುದು ಮಾಮೂಲು. ಆಮದು ನಿಯಮಗಳೂ ಬಿಗಿ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಅಂಕ ಗಟ್ಟಿಯಾದ ನಂತರದ ಮಾತು ಇದು.

ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ

ಕಾಗದದ ಮೇಲೆ ಪೆಲೆಟ್ ಬೀಳುವ ಜಾಗವೇ ರೈಫಲ್‌ನ ನಿಜವಾದ ಜಾತಕ. ಅಂಗಡಿಯಲ್ಲಿ ಸಾಧ್ಯವಿಲ್ಲದಿದ್ದರೆ ಕ್ಲಬ್‌ನಲ್ಲಿ ಅದೇ ಮಾದರಿಯನ್ನು ಹೊಡೆದು ನೋಡಬೇಕು.

* ಮೆತ್ತನೆಯ ಚೀಲದ ಮೇಲೆ ಆನಿಸಿ, 10 ಮೀಟರ್‌ನಿಂದ 5 ಪೆಲೆಟ್‌ಗಳ ಗುಂಪನ್ನು 5 ಬಾರಿ ಹೊಡೆಯಬೇಕು. ಮೂರೇ ಪೆಲೆಟ್ ಒಂದೇ ಕಡೆ ಬಿದ್ದರೆ ಅದು ಅದೃಷ್ಟವೂ ಇರಬಹುದು.
* ಪ್ರತಿ ಗುಂಪಿನಲ್ಲಿ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿಲಿಮೀಟರ್ ಕಳೆಯಬೇಕು. ಅಳತೆ 16.5 ಬಂದರೆ ಗುಂಪು 12 ಮಿಲಿಮೀಟರ್. ಐದರ ಸರಾಸರಿಯೇ ರೈಫಲ್‌ನ ನಿಜ ಅಂಕಿ, ಅತ್ಯುತ್ತಮ ಗುಂಪಲ್ಲ.
* ಕನಿಷ್ಠ ಮೂರು ಬಗೆಯ ಪೆಲೆಟ್ ಹಾಕಿ ನೋಡಬೇಕು. ಪೆಲೆಟ್ ತಲೆಯ ಅಳತೆ 4.49ರಿಂದ 4.52 ಮಿಲಿಮೀಟರ್‌ವರೆಗೆ ಬೇರೆಬೇರೆ ಇರುತ್ತದೆ. ಒಂದು ನಳಿಗೆಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸದು. ಚಪ್ಪಟೆ ತಲೆಯ ಪೆಲೆಟ್ ಕಾಗದದಲ್ಲಿ ಸ್ವಚ್ಛ ತೂತು ಮಾಡುತ್ತದೆ.
* ಮಡಚುವ ನಳಿಗೆಯನ್ನು ಮುಚ್ಚಿದ ಮೇಲೆ ಎಡಬಲಕ್ಕೆ ಅಲ್ಲಾಡಿಸಿ ನೋಡಬೇಕು. ಸಡಿಲ ಇದ್ದರೆ ಬೇಡ. ಹಿಡಿಯ ಸ್ಕ್ರೂಗಳು ಬಿಗಿ ಇವೆಯೇ ಎಂಬುದೂ ಮುಖ್ಯ. ಸ್ಪ್ರಿಂಗ್ ರೈಫಲ್‌ನಲ್ಲಿ ಇವು ಬೇಗ ಸಡಿಲವಾಗಿ ಗುಂಪು ಚದುರುತ್ತದೆ.
* ಮಗುವಿಗಾದರೆ ಮಗುವೇ ಹೆಗಲಿಗೆ ಇಟ್ಟು ನೋಡಬೇಕು. ಸ್ಪರ್ಧೆಯಲ್ಲಿ ರೈಫಲ್ 5.5 ಕಿಲೋವರೆಗೆ ತೂಗಬಹುದು. 12 ವರ್ಷದ ಮಗುವಿನ ಬೆನ್ನಿಗೆ ಅದು ಹೊರೆ.

ಸ್ಪ್ರಿಂಗ್ ರೈಫಲ್‌ಗೆ ಅಗ್ಗದ ದೂರದರ್ಶಕ ಹಾಕಿಸುವುದು ದಂಡ. ಎರಡೂ ದಿಕ್ಕಿಗೆ ಬೀಳುವ ಅದರ ಅದುರು ಮಸೂರಗಳನ್ನು ಕದಲಿಸುತ್ತದೆ. ದೂರದ ಗುರಿಗೆ ಮಾಡಿದ ಸ್ಕೋಪ್‌ನಲ್ಲಿ 10 ಮೀಟರ್‌ನ ಗುರಿ ಮಸುಕಾಗಿಯೂ ಕಾಣುತ್ತದೆ. ಒಲಿಂಪಿಕ್ ಏರ್ ರೈಫಲ್‌ನಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ರೈಫಲ್‌ನಲ್ಲೇ ಇರುವ ಕಿಂಡಿಯಲ್ಲಿ ಕಲಿಯುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ರೈಫಲ್: ದಿನಾಂಕ ನೋಡಿ

ಸ್ಪರ್ಧೆ ಬಿಟ್ಟವರ ರೈಫಲ್ ಕ್ಲಬ್‌ಗಳಲ್ಲಿ ಅರ್ಧ ಬೆಲೆಗೂ ಸಿಗಬಹುದು. ಏರ್ ರೈಫಲ್‌ನ ನಳಿಗೆ ಬೇಗ ಸವೆಯುವುದಿಲ್ಲ. ಹಾಗಾಗಿ ಹಳೆಯದೆಂದು ತಳ್ಳಿಹಾಕಬೇಕಿಲ್ಲ. ಆದರೆ ಪಿಸಿಪಿ ರೈಫಲ್‌ನ ಗಾಳಿ ಸಿಲಿಂಡರ್ ಮೇಲೆ ದಿನಾಂಕ ಕೊರೆದಿರುತ್ತದೆ. ಹಲವು ತಯಾರಕರು ಹೇಳುವ ಬಾಳಿಕೆ 10 ವರ್ಷ. ಅದರೊಳಗೆ ಸುಮಾರು 200 ಬಾರ್ ಒತ್ತಡ, ಅಂದರೆ ಕಾರಿನ ಟೈರಿಗಿಂತ ನೂರು ಪಟ್ಟು ಅಷ್ಟು ಇರುತ್ತದೆ. ಹೊಡೆಯುವವರ ಕೆನ್ನೆ ಇರುವುದು ಅದರ ಪಕ್ಕದಲ್ಲೇ. ಅವಧಿ ಮುಗಿದ ಸಿಲಿಂಡರ್ ಬಳಸಬಾರದು, ಸ್ಪರ್ಧೆಯಲ್ಲೂ ಅದಕ್ಕೆ ಅವಕಾಶವಿಲ್ಲ. ಹೊಸ ಸಿಲಿಂಡರ್ ಬೆಲೆ ಸೇರಿಸಿದರೆ ‘ಅಗ್ಗ’ ಎನಿಸಿದ್ದು ದುಬಾರಿಯಾಗಬಹುದು.

ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಮುಳ್ಳು ಇಳಿದಿದೆಯೇ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಮೂಲ ಬಿಲ್ ಇಲ್ಲದ, ಕ್ರಮಸಂಖ್ಯೆ ಉಜ್ಜಿದ ರೈಫಲ್ ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ.

ಹಣ ಹಂಚುವುದು ಹೇಗೆ?

ರೈಫಲ್ ಒಮ್ಮೆಯ ಖರ್ಚು, ಪೆಲೆಟ್ ಪ್ರತಿ ತಿಂಗಳ ಖರ್ಚು. ದಿನಕ್ಕೆ 60 ಪೆಲೆಟ್, ವಾರಕ್ಕೆ 4 ದಿನ ಎಂದರೆ ವರ್ಷಕ್ಕೆ 12,480. 500 ಪೆಲೆಟ್‌ಗಳ 25 ಡಬ್ಬಿ ಬೇಕು. ಡಬ್ಬಿಗೆ 500 ರೂಪಾಯಿ ಎಂದುಕೊಂಡರೂ 12,500 ರೂಪಾಯಿ. ಕೈಲಿರುವ ಹಣವನ್ನೆಲ್ಲ ರೈಫಲ್‌ಗೆ ಸುರಿದು ಪೆಲೆಟ್‌ಗೆ ಕೈ ಬಿಗಿ ಹಿಡಿದರೆ ರೈಫಲ್ ಬೀರುವಿನಲ್ಲೇ ಉಳಿಯುತ್ತದೆ.

ಓಡಾಟದ ಖರ್ಚೂ ಇದೆ. ಹೈದರಾಬಾದ್ ವಿಶ್ವವಿದ್ಯಾಲಯ ಆವರಣದ ಶೂಟಿಂಗ್ ರೇಂಜ್ ಇರುವುದು ಗಚ್ಚಿಬೌಲಿಯಲ್ಲಿ, ಮಲ್ಕಾಜ್‌ಗಿರಿಯಿಂದ ನಗರದ ಇನ್ನೊಂದು ತುದಿಗೆ. ಹತ್ತಿರದಲ್ಲೇ 10 ಮೀಟರ್ ರೇಂಜ್ ಇರುವ ತರಬೇತಿ ಕೇಂದ್ರ ಸಿಕ್ಕರೆ ಬಸ್ಸಿನ ಹಣ ಪೆಲೆಟ್‌ಗಾಗುತ್ತದೆ, ಮಗುವಿನ ಎರಡು ಗಂಟೆಯೂ ಉಳಿಯುತ್ತದೆ. ಸೇರುವ ಮುನ್ನ ಆ ಕೇಂದ್ರಕ್ಕೆ ರಾಜ್ಯ ರೈಫಲ್ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಕೇಳುವುದು ಅಗತ್ಯ. ಸ್ಪರ್ಧೆಯ ದಾರಿ, ಮುಂದೆ ಪರವಾನಗಿಯ ದಾರಿ ಎರಡೂ ಅಲ್ಲಿಂದಲೇ.

ಹಾಗಾಗಿ ಕ್ರಮ ಹೀಗಿದ್ದರೆ ನಷ್ಟ ಕಡಿಮೆ. ಮೊದಲ ಮೂರು ತಿಂಗಳು ಕ್ಲಬ್‌ನ ರೈಫಲ್‌ನಲ್ಲೇ ಕಲಿಕೆ. ಆಸಕ್ತಿ ಉಳಿದರೆ ಒಂದು ವರ್ಷದ ಪೆಲೆಟ್ ಮತ್ತು ಶುಲ್ಕದ ಹಣ ಎತ್ತಿಟ್ಟು, ಮಿಕ್ಕಿದ್ದರಲ್ಲಿ ರೈಫಲ್. ದಪ್ಪ ಜಾಕೆಟ್, ಬೂಟು ಆಮೇಲೆ.

ಮನೆಯಲ್ಲಿ ಅಭ್ಯಾಸ ಮಾಡಬಹುದೇ?

ಮಲ್ಕಾಜ್‌ಗಿರಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ತಾರಸಿಯಿಂದ ಹಾರಿದ ಪೆಲೆಟ್ ಪಕ್ಕದ ಮನೆಯವರ ಕಣ್ಣಿಗೆ ತಾಗಿದರೆ ಕ್ರೀಡೆ ಎಂಬ ನೆಪ ಉಳಿಯುವುದಿಲ್ಲ. ನಾಲ್ಕೂ ಕಡೆ ಗೋಡೆ ಇರುವ, ಯಾರೂ ಹಾಯದ ಜಾಗ ಮತ್ತು ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇಲ್ಲದಿದ್ದರೆ ಮನೆಯಲ್ಲಿ ಹೊಡೆಯಲೇಬಾರದು.

ಪೆಲೆಟ್ ಇಲ್ಲದೆಯೂ ಅಭ್ಯಾಸ ಮಾಡಬಹುದು. ರೈಫಲ್ ಖಾಲಿ ಇದೆ ಎಂದು ಎರಡು ಬಾರಿ ಖಚಿತಪಡಿಸಿಕೊಂಡು, ಖಾಲಿ ಗೋಡೆಗೆ ಮುಖ ಮಾಡಿ ನಿಲ್ಲುವುದು, ಉಸಿರು ಹಿಡಿಯುವುದು, ಗುರಿ ಇಡುವುದು ಇಷ್ಟನ್ನೇ ದಿನಕ್ಕೆ ಅರ್ಧ ಗಂಟೆ ಮಾಡಿದರೂ ಫಲವಿದೆ. ಆದರೆ ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿದರೆ ಒಳಗಿನ ಸೀಲ್ ಹಾಳಾಗುತ್ತದೆ. ಪೆಲೆಟ್ ಸೀಸದ್ದು, ಅಭ್ಯಾಸದ ನಂತರ ಕೈ ತೊಳೆಯದೆ ಊಟಕ್ಕೆ ಕೂರಬಾರದು. ರೈಫಲ್ ಮತ್ತು ಪೆಲೆಟ್ ಬೇರೆಬೇರೆ ಕಡೆ, ಬೀಗ ಹಾಕಿ ಇಡಬೇಕು. ಬೀಗದ ಕೈ ದೊಡ್ಡವರ ಬಳಿ ಇರಬೇಕು.